ಅಜೈಲ್ ತಂಡದಲ್ಲಿ ಗ್ರಾಹಕರ ಅಗತ್ಯಗಳನ್ನು ಎಷ್ಟು ಬರೆದಿಡಬೇಕು, ಯಾರಿಂದ ಖಚಿತಪಡಿಸಿಕೊಳ್ಳಬೇಕು?

ಪ್ರಶ್ನೆ: ರಾಯಚೂರಿಗ

ರಾಯಚೂರಿನಲ್ಲಿ ನಮ್ಮದು ಆರು ಜನರ ಸಣ್ಣ ತಂಡ. ಸಿಂಧನೂರು, ಕಾರಟಗಿ, ಗಂಗಾವತಿ ಭಾಗದ ರೈಸ್‌ಮಿಲ್ಲುಗಳಿಗಾಗಿ ಭತ್ತ ಖರೀದಿಯ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಟ್ರ್ಯಾಕ್ಟರ್ ಕಾಟಾದ ಮೇಲೆ ಬಂದು ನಿಂತಾಗಿನಿಂದ ರೈತರ ಖಾತೆಗೆ ಹಣ ಜಮೆಯಾಗುವವರೆಗಿನ ಇಡೀ ಲೆಕ್ಕ ಅದರಲ್ಲಿ ಬರಬೇಕೆಂಬುದು ಉದ್ದೇಶ. ಕೆಲಸವನ್ನು ಸಣ್ಣ ಕಂತುಗಳಲ್ಲಿ ಮಾಡಿ, ಗ್ರಾಹಕರಿಗೆ ತೋರಿಸಿ, ತಿದ್ದುತ್ತಾ ಹೋಗುವ ಅಜೈಲ್ ಪದ್ಧತಿ ನಮ್ಮದು. ಎರಡು ವಾರಗಳ ಸ್ಪ್ರಿಂಟ್ (ಕೆಲಸದ ಒಂದು ಕಂತು) ಇಟ್ಟುಕೊಂಡಿದ್ದು, ಪ್ರತಿ ಸ್ಪ್ರಿಂಟಿನ ಕೊನೆಯಲ್ಲಿ ನಮ್ಮ ಮೊದಲ ಗ್ರಾಹಕರ ಮಿಲ್ಲಿಗೆ ಹೋಗಿ ಡೆಮೊ ಕೊಟ್ಟು ಬರುತ್ತೇವೆ.

ತೊಂದರೆ ಇರುವುದು ಅವರಿಗೆ ಏನು ಬೇಕು ಎಂಬುದನ್ನು ತಿಳಿದುಕೊಳ್ಳುವ ಹಂತದಲ್ಲಿ. ನಮ್ಮ ಬ್ಯಾಕ್‌ಲಾಗ್‌ನಲ್ಲಿ (ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ) “ಮಿಲ್ಲಿನ ಗುಮಾಸ್ತನಾಗಿ ನನಗೆ ಭತ್ತದ ಬಿಲ್ ತಯಾರಿಸುವ ಸೌಲಭ್ಯ ಬೇಕು, ರೈತರಿಗೆ ಬೇಗನೆ ಹಣ ಪಾವತಿಸಲು” ಎಂಬ ರೀತಿಯ ಯೂಸರ್ ಸ್ಟೋರಿಗಳು (ಬಳಕೆದಾರರ ಅಗತ್ಯವನ್ನು ಅವರ ಮಾತಿನಲ್ಲೇ ಹೇಳುವ ಚಿಕ್ಕ ವಾಕ್ಯಗಳು) ಸಾಕಷ್ಟಿವೆ. ಓದಿದವರಿಗೆಲ್ಲ ಅರ್ಥವಾದಂತೆಯೇ ಕಾಣುತ್ತದೆ, ಡೆವಲಪರ್‌ಗಳು ಕೆಲಸ ಶುರು ಮಾಡುತ್ತಾರೆ, ಡೆಮೊದಲ್ಲಿ ಮಿಲ್ಲಿನ ಮಾಲೀಕರಾದ ಸಾಹುಕಾರರು ತಲೆಯಾಡಿಸಿ “ಛಲೋ ಆಗೇತಿ” ಎನ್ನುತ್ತಾರೆ. ಒಂದು ವಾರ ಕಳೆದ ಮೇಲೆ ಗುಮಾಸ್ತರಿಂದ ಫೋನ್ ಬರುತ್ತದೆ: ನಮ್ಮಲ್ಲಿ ಹೀಗೆ ಲೆಕ್ಕ ಹಾಕುವ ರೂಢಿಯೇ ಇಲ್ಲ. ಮುಂದಿನ ಸ್ಪ್ರಿಂಟಿನ ಬಹುಪಾಲು ಅದನ್ನು ತಿದ್ದುವುದರಲ್ಲೇ ಹೋಗುತ್ತದೆ.

ಇದಕ್ಕೆ ಪರಿಹಾರವೇನು ಎಂಬ ಬಗ್ಗೆ ತಂಡದೊಳಗೇ ಒಮ್ಮತವಿಲ್ಲ. ಎಲ್ಲವನ್ನೂ ನಿಲ್ಲಿಸಿ, ಅಗತ್ಯಗಳ ಪೂರ್ಣ ದಾಖಲೆ ಬರೆದು, ಮಿಲ್ಲಿನವರ ಸಹಿ ಪಡೆದ ಮೇಲೆಯೇ ಮುಂದುವರಿಯೋಣ ಎಂದು ಒಬ್ಬರು ಹೇಳುತ್ತಾರೆ. ಅಜೈಲ್‌ನಲ್ಲಿ ದಾಖಲೆಯ ಅವಶ್ಯಕತೆಯೇ ಇಲ್ಲ, ಬದಲಾವಣೆ ಸಹಜ, ಸುಮ್ಮನೆ ತಿದ್ದುತ್ತಾ ಹೋಗಬೇಕು ಎಂಬುದು ಇನ್ನೊಬ್ಬರ ವಾದ. ಅನುಭವವುಳ್ಳವರು ದಯವಿಟ್ಟು ತಿಳಿಸಿ: ಎಷ್ಟು ಬರೆಯಬೇಕು, ಯಾವಾಗ ಬರೆಯಬೇಕು ಮತ್ತು ಯಾರೊಂದಿಗೆ ಕುಳಿತು ಖಚಿತಪಡಿಸಿಕೊಳ್ಳಬೇಕು?

ಉತ್ತರ: ಕೋಟೆಬೆಟ್ಟ, ಬಳ್ಳಾರಿ

ನಮಸ್ಕಾರ. ನಾನು ಟೆಸ್ಟಿಂಗ್ ವಿಭಾಗದವಳು. ಅಸ್ಪಷ್ಟ ಸ್ಟೋರಿಯ ಬಿಸಿ ಮೊದಲು ತಟ್ಟುವುದು ನಮಗೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಎರಡನೆಯ ಸಹೋದ್ಯೋಗಿಯ ವಾದವನ್ನು ನೋಡೋಣ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ರೂಪಿಸಿದ ಅಜೈಲ್ ಪ್ರಣಾಳಿಕೆಯಲ್ಲಿ ದಾಖಲೆ ಬೇಡವೆಂದು ಎಲ್ಲಿಯೂ ಹೇಳಿಲ್ಲ. ಸಮಗ್ರ ದಾಖಲೆಗಿಂತ ಕೆಲಸ ಮಾಡುವ ತಂತ್ರಾಂಶಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ ಎನ್ನುವ ಅದೇ ಪ್ರಣಾಳಿಕೆ, ದಾಖಲೆಗೂ ಬೆಲೆಯುಂಟು ಎಂಬುದನ್ನು ಕೊನೆಯಲ್ಲಿ ಒಪ್ಪಿಕೊಂಡಿದೆ. ಅದರ ಜೊತೆಗಿರುವ 12 ತತ್ವಗಳಲ್ಲಿ ಒಂದರ ಪ್ರಕಾರ, ವ್ಯವಹಾರ ಬಲ್ಲವರು ಮತ್ತು ಡೆವಲಪರ್‌ಗಳು ಯೋಜನೆಯುದ್ದಕ್ಕೂ ದಿನನಿತ್ಯ ಕೂಡಿ ಕೆಲಸ ಮಾಡಬೇಕು. ನಿಮ್ಮಲ್ಲಿ ಮಿಲ್ಲಿನವರ ಭೇಟಿ ಎರಡು ವಾರಕ್ಕೊಮ್ಮೆ, ಅದೂ ಕೆಲಸ ಮುಗಿದ ಮೇಲೆ. ದಾಖಲೆಯನ್ನು ಕೈಬಿಟ್ಟಿದ್ದೀರಿ, ಅದರ ಜಾಗದಲ್ಲಿ ಇರಬೇಕಾಗಿದ್ದ ಮಾತುಕತೆಯನ್ನೂ ಕೈಬಿಟ್ಟಿದ್ದೀರಿ.

ಯೂಸರ್ ಸ್ಟೋರಿಗೆ ಮೂರು ಭಾಗಗಳಿವೆ ಎಂದು ರಾನ್ ಜೆಫ್ರೀಸ್ 2001ರಲ್ಲೇ ವಿವರಿಸಿದ್ದರು: ಕಾರ್ಡು, ಮಾತುಕತೆ, ದೃಢೀಕರಣ. ನೀವು ಉದಾಹರಿಸಿದ ವಾಕ್ಯ ಬರಿಯ ಕಾರ್ಡು. ಯಾವ ವಿಷಯವನ್ನು ಮಾತಾಡಬೇಕು ಎಂಬುದನ್ನು ಅದು ನೆನಪಿಸುತ್ತದೆ, ಅಷ್ಟೇ. ಲೆಕ್ಕದ ನಿಯಮ ಅದರಲ್ಲಿ ಇರುವುದಿಲ್ಲ, ಇರಬೇಕೆಂದು ಯಾರೂ ನಿರೀಕ್ಷಿಸಿಯೂ ಇರಲಿಲ್ಲ.

ಇನ್ನು ಮಾತುಕತೆ ಹೇಗಿರಬೇಕು ಎಂಬುದು. “ಬಿಲ್ ಹೇಗೆ ಬೇಕು?” ಎಂದು ಕೇಳಿದರೆ “ಈಗ ಹೇಗಿದೆಯೋ ಹಾಗೆ” ಎಂಬ ಉತ್ತರ ಬರುತ್ತದೆ. ಆದ್ದರಿಂದ ಅಂಕಿಗಳನ್ನು ಮುಂದಿಟ್ಟು ಕೇಳಬೇಕು. ನಿಮ್ಮ ಭಾಗದಲ್ಲಿ ಭತ್ತದ ದರ ನಿಗದಿಯಾಗುವುದು 75 ಕೆ.ಜಿ.ಯ ಚೀಲಕ್ಕೆ, ಕಾಟಾ ತೋರಿಸುವುದು ಕಿಲೋಗ್ರಾಂನಲ್ಲಿ. ಒಂದು ಟ್ರ್ಯಾಕ್ಟರ್ ಲೋಡು ಬಂದಿದೆ ಎಂದಿಟ್ಟುಕೊಳ್ಳಿ. ತುಂಬಿದ ತೂಕ 11,240 ಕೆ.ಜಿ., ಖಾಲಿ ತೂಕ 3,600 ಕೆ.ಜಿ., ನಿವ್ವಳ 7,640 ಕೆ.ಜಿ. ದರ ಚೀಲಕ್ಕೆ ₹1,800 ಎಂದಿರಲಿ. ಇದು 101 ಚೀಲಗಳ ಮೇಲೆ 65 ಕೆ.ಜಿ. ಆಗುತ್ತದೆ. ಕೊನೆಯ 65 ಕೆ.ಜಿ.ಗೂ ಕೆ.ಜಿ. ಲೆಕ್ಕದಲ್ಲಿ ಹಣ ಕೊಡುವುದಾದರೆ ಬಿಲ್ ₹1,83,360 ಆಗುತ್ತದೆ. ಅದನ್ನು ಬಿಟ್ಟರೆ ₹1,81,800, ತುಂಬಿದ ಚೀಲವೆಂದು ಹಿಡಿದರೆ ₹1,83,600. ಒಂದೇ ಲೋಡಿಗೆ ಮೂರು ಉತ್ತರಗಳು, ಮೂರೂ ನಿಮ್ಮ ಸ್ಟೋರಿಗೆ ಸರಿಹೊಂದುತ್ತವೆ. ಡೆವಲಪರ್ ತನಗೆ ತೋಚಿದ ಒಂದನ್ನು ಆರಿಸಿಕೊಂಡಿರುತ್ತಾರೆ, ಗುಮಾಸ್ತರು ಇನ್ನೊಂದನ್ನು ವರ್ಷಗಳಿಂದ ಅನುಸರಿಸುತ್ತಿರುತ್ತಾರೆ.

ಅದೇ ಲೋಡನ್ನು ಇಟ್ಟುಕೊಂಡು ಮುಂದೆ ಕೇಳುತ್ತಾ ಹೋಗಿ. ತೇವಾಂಶ ಶೇ 19 ಬಂದರೆ ಏನು ಮಾಡುತ್ತಾರೆ? ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲಿ ದರ ಕ್ವಿಂಟಲ್‌ಗೆ ಇರುತ್ತದೆ, ಶೇ 17ಕ್ಕಿಂತ ಹೆಚ್ಚು ತೇವಾಂಶವಿದ್ದರೆ ಭತ್ತವನ್ನು ತೆಗೆದುಕೊಳ್ಳುವುದಿಲ್ಲ. ಖಾಸಗಿ ಮಿಲ್ಲು ತೆಗೆದುಕೊಳ್ಳಬಹುದು. ಆದರೆ ದರದಲ್ಲಿ ಕಡಿತವೋ, ತೂಕದಲ್ಲಿ ಕಡಿತವೋ ಎಂಬುದನ್ನು ಅವರೇ ಹೇಳಬೇಕು. ಭತ್ತ ಚೀಲದಲ್ಲಿ ಬಂದರೆ ಖಾಲಿ ಚೀಲದ ತೂಕ ಕಳೆಯಬೇಕಾಗುತ್ತದೆ, ಕೊಯ್ಲಿನ ಯಂತ್ರದಿಂದ ನೇರವಾಗಿ ಟ್ರಾಲಿಗೆ ಸುರಿದುಕೊಂಡು ಬಂದರೆ ಕಳೆಯುವ ಪ್ರಶ್ನೆಯೇ ಇಲ್ಲ. ಬಂದಿರುವುದು ಯಾವ ಬಗೆಯದು ಎಂಬುದನ್ನು ನಮೂದಿಸುವ ಜಾಗ ನಿಮ್ಮ ಪರದೆಯಲ್ಲಿ ಇದೆಯೇ?

ಇಂತಹ ಮಾತುಕತೆಗೆ ಒಂದು ಚೌಕಟ್ಟು ಬೇಕೆನಿಸಿದರೆ, ಮ್ಯಾಟ್ ವಿನ್ ಅವರು 2015ರಲ್ಲಿ ಪರಿಚಯಿಸಿದ ಎಕ್ಸಾಂಪಲ್ ಮ್ಯಾಪಿಂಗ್ ಪದ್ಧತಿಯನ್ನು ಬಳಸಬಹುದು. ಹಳದಿ ಕಾರ್ಡಿನಲ್ಲಿ ಸ್ಟೋರಿ, ನೀಲಿಯಲ್ಲಿ ನಿಯಮ, ಹಸಿರಿನಲ್ಲಿ ಆ ನಿಯಮದ ಉದಾಹರಣೆ, ಕೆಂಪಿನಲ್ಲಿ ಅಲ್ಲಿದ್ದ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ. ಒಂದು ಸ್ಟೋರಿಗೆ ಸುಮಾರು 25 ನಿಮಿಷ ಸಾಕು. ಮೇಜಿನ ಮೇಲೆ ಕೆಂಪು ಹೆಚ್ಚಾಗಿ ಕಂಡರೆ ಆ ಸ್ಟೋರಿ ಇನ್ನೂ ಸ್ಪ್ರಿಂಟಿಗೆ ಸಿದ್ಧವಾಗಿಲ್ಲ. ನೀಲಿ ಹೆಚ್ಚಾಗಿದ್ದರೆ ಸ್ಟೋರಿ ದೊಡ್ಡದಾಗಿದೆ, ಒಡೆಯಬೇಕು. ಬಣ್ಣದ ಕಾರ್ಡುಗಳೇ ಬೇಕೆಂದೇನೂ ಇಲ್ಲ, ನಾವು ಹಾಳೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತೇವೆ.

ಬರೆದಿಡಬೇಕಾದದ್ದು ಈ ಉದಾಹರಣೆಗಳನ್ನು. “ನಿವ್ವಳ ತೂಕ 7,640 ಕೆ.ಜಿ. ಇದ್ದು, 75 ಕೆ.ಜಿ.ಗೆ ₹1,800 ದರ ನಿಗದಿಯಾಗಿರುವಾಗ, ಗುಮಾಸ್ತರು ಬಿಲ್ ತೆಗೆದರೆ ಮೊತ್ತ ₹1,83,360 ಬರಬೇಕು” ಎಂದು ಬರೆದ ಒಂದು ಸಾಲನ್ನು ಗುಮಾಸ್ತರು ಓದಿ ಹೌದು ಅಥವಾ ಅಲ್ಲ ಎನ್ನಬಲ್ಲರು, ನಾನು ಅದನ್ನೇ ಟೆಸ್ಟ್ ಆಗಿ ಬಳಸಬಲ್ಲೆ. ಇಂತಹ ಸಾಲುಗಳನ್ನೇ ಟೆಸ್ಟ್ ಆಗಿ ನಡೆಸುವ ಕುಕುಂಬರ್ ಉಪಕರಣವನ್ನು ಬಳಸುವವರಾದರೆ, ಆ ಸಾಲುಗಳನ್ನು ಬರೆಯುವ ಅದರ ಘರ್ಕಿನ್ ಭಾಷೆ ಕನ್ನಡದ ಕೀಲಿಪದಗಳನ್ನೂ ಒಪ್ಪುತ್ತದೆ. ಆ ಪದಗಳು ಓದಲು ಸ್ವಲ್ಪ ಬಿಗಿಯೆನಿಸುತ್ತವೆ ಎಂಬುದು ನಿಜ, ಆದರೂ ಮಿಲ್ಲಿನವರ ಮುಂದೆ ಇಂಗ್ಲಿಷ್ ಕಡತ ಹಿಡಿಯುವುದಕ್ಕಿಂತ ಮೇಲು.

ಉತ್ತರ: ಕಿರ್ದಿ ಖಾತೆ, ಗಂಗಾವತಿ

ನಾನು ತಂತ್ರಾಂಶದವನಲ್ಲ, ರೈಸ್‌ಮಿಲ್ಲಿನಲ್ಲಿ ಲೆಕ್ಕಪತ್ರ ನೋಡುವವನು. ಮೇಲಿನ ಮೇಡಂ ಅವರು ಕೇಳಿರುವ ಪ್ರಶ್ನೆಗಳು ಸರಿಯಾಗಿವೆ. ಆದರೆ ಅವುಗಳನ್ನು ಯಾವಾಗ ಮತ್ತು ಯಾರ ಎದುರು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬುದನ್ನು ತಾವು ಗಮನಿಸಬೇಕು.

ಸಾಹುಕಾರರು ಕುಳಿತಿರುವ ಕೋಣೆಯಲ್ಲಿ ಡೆಮೊ ನಡೆಯುವಾಗ, ಅವರು ಚೆನ್ನಾಗಿದೆ ಎಂದ ಮೇಲೆ, ಗುಮಾಸ್ತನಾದವನು “ಇದು ತಪ್ಪು” ಎಂದು ಹೇಳುವುದು ನಮ್ಮ ಕಡೆ ನಡೆಯುವ ಮಾತಲ್ಲ. ಹೇಳಿದರೆ ಯಜಮಾನರಿಗೆ ವ್ಯವಹಾರ ತಿಳಿಯದು ಎಂದು ಹೊರಗಿನವರ ಮುಂದೆ ಹೇಳಿದ ಹಾಗಾಗುತ್ತದೆ. ನಿಮಗೆ ಒಂದು ವಾರದ ನಂತರ ಫೋನ್ ಬಂದದ್ದಕ್ಕೆ ಕಾರಣ ಇದೇ ಇರಬೇಕು. ಆದ್ದರಿಂದ ಮೊದಲು ಗುಮಾಸ್ತರು ಮತ್ತು ಕಾಟಾದ ಮೇಲಿರುವ ಹುಡುಗನ ಜೊತೆ ಪ್ರತ್ಯೇಕವಾಗಿ ಕುಳಿತು, ಅವರು ಒಪ್ಪಿದ್ದನ್ನು ಆಮೇಲೆ ಸಾಹುಕಾರರಿಗೆ ತೋರಿಸುವುದು ಒಳ್ಳೆಯದು. ಮೌಸನ್ನು ನೀವೇ ಹಿಡಿದುಕೊಳ್ಳಬೇಡಿ. ನಿನ್ನೆಯ ಹತ್ತು ಕಾಟಾ ಚೀಟಿಗಳನ್ನು ಅವರ ಕೈಗೆ ಕೊಟ್ಟು, ಅವರೇ ನಮೂದಿಸಲಿ ಎಂದು ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಿ. ನೀವು ತರುವ ಮಾದರಿ ಮಾಹಿತಿಯಲ್ಲಿ ಎಲ್ಲ ಲೋಡುಗಳೂ ಒಬ್ಬನೇ ರೈತನವು, ಎಲ್ಲ ಹಣವೂ ಒಂದೇ ಕಂತಿನದು. ಅದನ್ನು ನೋಡಿ ತಲೆಯಾಡಿಸದೆ ಇನ್ನೇನು ಮಾಡುವುದು?

ಚೀಟಿಗಳ ವಿಷಯ ಬಂತಾದ್ದರಿಂದ ಹೇಳುತ್ತೇನೆ. ಚೀಟಿಯ ಮುಂಭಾಗದಲ್ಲಿ ವಾಹನದ ಸಂಖ್ಯೆ, ಎರಡು ತೂಕ, ನಿವ್ವಳ, ಸಮಯ ಮುದ್ರಣವಾಗಿರುತ್ತವೆ. ಅದರ ಫೋಟೊ ತೆಗೆದುಕೊಂಡು ಹೋಗುವವರನ್ನು ಬಹಳ ಜನ ನೋಡಿದ್ದೇನೆ, ತಿರುಗಿಸಿ ನೋಡಿದವರು ಕಡಿಮೆ. ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ “ಎರಡು ಪಾಲು” ಎಂದಿರುತ್ತದೆ, ಅಂದರೆ ಹೊಲದ ಮಾಲೀಕರಿಗೂ ಪಾಲಿಗೆ ಮಾಡಿದವರಿಗೂ ಬೇರೆ ಬೇರೆ ಬಿಲ್ ಆಗಬೇಕು. “ಗೊಬ್ಬರದ ಬಾಕಿ ಮುರಿ” ಎಂದಿದ್ದರೆ ಬಿತ್ತನೆಯ ಹೊತ್ತಿಗೆ ಪಡೆದ ಮುಂಗಡವನ್ನು ಈ ಬಿಲ್ಲಿನಲ್ಲೇ ಕಳೆಯಬೇಕು. ಕೆಲವೊಮ್ಮೆ ಅರ್ಧ ಈಗ, ಅರ್ಧ ಹಬ್ಬದ ನಂತರ ಎಂದು ಬರೆದಿರುತ್ತದೆ. ಇವೆಲ್ಲ ನಮಗೆ ದಿನದ ಕೆಲಸ, ಆದ್ದರಿಂದ ಬಾಯಿಬಿಟ್ಟು ಹೇಳಬೇಕೆಂದು ಹೊಳೆಯುವುದೇ ಇಲ್ಲ.

ಸಮಯದ ಬಗ್ಗೆ ಒಂದು ಮಾತು. ಮುಂಗಾರಿನ ಭತ್ತ ಬರುವ ನವೆಂಬರ್, ಡಿಸೆಂಬರ್‌ನಲ್ಲಿ ನಾವು ಮಾತಾಡಲು ಸಿಗುವುದಿಲ್ಲ. ಆ ದಿನಗಳಲ್ಲಿ ಬಂದು ಕಾಟಾದ ಪಕ್ಕದಲ್ಲಿ ಕುಳಿತು ನೋಡಿ, ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಸುಗ್ಗಿ ಇಳಿದ ಮೇಲೆ ಕೇಳಿ. ತುಂಗಭದ್ರಾ ನೀರು ಎರಡನೆಯ ಬೆಳೆಗೆ ಸಿಗದ ವರ್ಷ ಬೇಸಿಗೆಯಲ್ಲಿ ಲೋಡುಗಳೇ ಬರುವುದಿಲ್ಲ. ನಿಮ್ಮ ಸ್ಪ್ರಿಂಟಿನ ಲೆಕ್ಕ ಹಾಕುವಾಗ ಕಾಲುವೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಉತ್ತರ: ಗವಿಮಠದ ನೆರೆಯವರು, ಕೊಪ್ಪಳ

ಉದಾಹರಣೆಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಾಖಲೆ ಬರೆದು ಸಹಿ ಪಡೆಯೋಣ ಎಂದ ಸಹೋದ್ಯೋಗಿಯನ್ನು ಈ ಚರ್ಚೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎನಿಸಿತು. ಟೆಂಡರ್ ಮೂಲಕ ಬರುವ ಕೆಲಸಗಳಲ್ಲಿ ದುಡಿದವನಾಗಿ ಅವರ ಪರವಾಗಿ ನಾಲ್ಕು ಮಾತು ಬರೆಯುತ್ತೇನೆ.

ಬಿಡಿ ಉದಾಹರಣೆಗಳನ್ನು ಎಷ್ಟೇ ಕೂಡಿಸಿದರೂ ಅವುಗಳಲ್ಲಿ ಕಾಣದ ಅಗತ್ಯಗಳಿವೆ. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ತೂಕ ಏನಾಗಬೇಕು? ಇಂಟರ್ನೆಟ್ ಇಲ್ಲದಿದ್ದರೂ ಚೀಟಿ ಮುದ್ರಣವಾಗಬೇಕೇ? ಕಾಟಾದ ಇಂಡಿಕೇಟರ್‌ನಿಂದ ತೂಕ ನೇರವಾಗಿ ಕಂಪ್ಯೂಟರಿಗೆ ಬರಬೇಕೇ, ಕೈಯಿಂದಲೂ ನಮೂದಿಸಬಹುದೇ? ಕೈಯಿಂದ ನಮೂದಿಸುವ ಅಧಿಕಾರ ಯಾರದು, ನಮೂದಿಸಿದ್ದರ ಗುರುತು ಎಲ್ಲಿ ಉಳಿಯುತ್ತದೆ? ನನ್ನ ಮಟ್ಟಿಗೆ ಇಡೀ ತಂತ್ರಾಂಶದ ಮೇಲಿನ ನಂಬಿಕೆ ನಿಂತಿರುವುದು ಈ ಕೊನೆಯ ಎರಡು ಪ್ರಶ್ನೆಗಳ ಮೇಲೆ. ಇವು ಒಂದು ಸ್ಟೋರಿಗೆ ಸೇರಿದವಲ್ಲ, ಎಲ್ಲ ಸ್ಟೋರಿಗಳಿಗೂ ಅನ್ವಯಿಸುತ್ತವೆ. ಆದ್ದರಿಂದಲೇ ಬ್ಯಾಕ್‌ಲಾಗ್‌ನಲ್ಲಿ ಇವುಗಳಿಗೆ ಜಾಗ ಸಿಗುವುದಿಲ್ಲ, ಮಿಲ್ಲಿನಲ್ಲಿ ತಂತ್ರಾಂಶ ಅಳವಡಿಸುವ ದಿನ ಒಟ್ಟಿಗೆ ಎದ್ದು ನಿಲ್ಲುತ್ತವೆ.

ಅಗತ್ಯಗಳ ದಾಖಲೆಗೆ ಹಿಂದೆ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 830 ಎಂಬ 1998ರ ಮಾನದಂಡವನ್ನು ಅನುಸರಿಸಲಾಗುತ್ತಿತ್ತು. 2011ರಲ್ಲಿ ಅದರ ಸ್ಥಾನಕ್ಕೆ 29148 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು, 2018ರಲ್ಲಿ ಪರಿಷ್ಕರಣೆಯೂ ಆಯಿತು. ದಾಖಲೆ ದಪ್ಪವಾಗಿರಬೇಕೆಂದು ಇವು ಹೇಳುವುದಿಲ್ಲ. ಪ್ರತಿಯೊಂದು ಅಗತ್ಯಕ್ಕೂ ಒಂದೇ ಅರ್ಥವಿರಬೇಕು, ಅದು ಈಡೇರಿದೆಯೇ ಎಂದು ಪರಿಶೀಲಿಸಲು ಸಾಧ್ಯವಿರಬೇಕು, ಒಂದರೊಡನೆ ಇನ್ನೊಂದು ವಿರೋಧಿಸಬಾರದು ಎಂಬಂತಹ ಗುಣಗಳನ್ನು ಹೇಳುತ್ತವೆ. ಈ ಗುಣಗಳು ಎರಡು ಸಾಲಿನ ಕಾರ್ಡಿಗೂ ಅನ್ವಯವಾಗುತ್ತವೆ. “ರೈತರಿಗೆ ಬೇಗನೆ ಹಣ” ಎಂಬುದನ್ನು ಯಾರೂ ಪರಿಶೀಲಿಸಲಾರರು. “ಎರಡನೆಯ ತೂಕ ಸ್ಥಿರವಾದ ಮೇಲೆ ಐದು ಸೆಕೆಂಡಿನೊಳಗೆ ಚೀಟಿ ಮುದ್ರಣವಾಗಬೇಕು” ಎಂಬುದನ್ನು ಗಡಿಯಾರ ಹಿಡಿದು ನೋಡಬಹುದು.

ನನ್ನ ಸಲಹೆ ಇಷ್ಟು. ಏನು ಈ ಕೆಲಸದ ವ್ಯಾಪ್ತಿಯಲ್ಲಿದೆ, ಏನು ಇಲ್ಲ, ಮೇಲೆ ಹೇಳಿದ ಸಾಮಾನ್ಯ ಅಗತ್ಯಗಳು ಯಾವುವು, ಬದಲಾವಣೆ ಬಂದರೆ ಹಣ ಮತ್ತು ಸಮಯವನ್ನು ಹೇಗೆ ಹೊಂದಿಸಿಕೊಳ್ಳುವುದು ಎಂಬುದನ್ನು ಮೂರು ನಾಲ್ಕು ಪುಟಗಳಲ್ಲಿ ಬರೆದು ಸಹಿ ಪಡೆಯಿರಿ. ವಿವರಗಳನ್ನು ಉದಾಹರಣೆಗಳ ರೂಪದಲ್ಲಿ ಅನುಬಂಧವಾಗಿ ಸೇರಿಸುತ್ತಾ ಹೋಗಿ. ನಿಶ್ಚಿತ ಮೊತ್ತದ ಕರಾರು ಮಾಡಿಕೊಂಡು, ವ್ಯಾಪ್ತಿಯನ್ನು ಬರೆದಿಡದೆ ಸ್ಪ್ರಿಂಟ್ ನಡೆಸುವುದು ಅಜೈಲ್ ಅನ್ನಿಸಿಕೊಳ್ಳುವುದಿಲ್ಲ, ಅದು ಕೈಯಿಂದ ಹಣ ಹಾಕುವ ದಾರಿ.

ಪ್ರಶ್ನೆ ಕೇಳಿದವರಿಂದ: ರಾಯಚೂರಿಗ

ಎಲ್ಲರಿಗೂ ಧನ್ಯವಾದಗಳು. ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಬಳ್ಳಾರಿಯ ಮೇಡಂ ಅವರ ಅಂಕಿಗಳನ್ನೇ ಮಿಲ್ಲಿನವರಿಗೆ ಫೋನಿನಲ್ಲಿ ಓದಿ ಹೇಳಿದೆವು. ಪರಿಣಾಮ ಹೊಸ ಸಮಸ್ಯೆ. ಕೊನೆಯ ಚೀಲ ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ ಹಿಡಿಯಿರಿ ಎಂದು ಸಾಹುಕಾರರು, ಪೈಸೆ ಸಮೇತ ಕೆ.ಜಿ. ಲೆಕ್ಕವೇ ಇರಲಿ ಎಂದು ಅವರ ಮಗ. ಏನು ಮಾಡಬೇಕು, ಯಾವುದು ಮೊದಲು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಪಾತ್ರವನ್ನು ಸದ್ಯ ನಮ್ಮ ತಂಡದವರೇ ಒಬ್ಬರು ನಿರ್ವಹಿಸುತ್ತಿದ್ದಾರೆ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಬಿಡೋಣ ಎಂಬುದು ಅವರ ಅಭಿಪ್ರಾಯ. ಇದು ಸರಿಯೇ?

ಉತ್ತರ: ಕೋಟೆಬೆಟ್ಟ, ಬಳ್ಳಾರಿ

ಫೋನಿನಲ್ಲಿ ಕೇಳಿದ್ದಕ್ಕೇ ನಾಲ್ಕನೆಯ ನಿಯಮವೊಂದು ಹೊರಬಂತು ನೋಡಿ. ಅರ್ಧಕ್ಕಿಂತ ಹೆಚ್ಚು ಎಂಬುದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸರಿಯಾಗಿ 37.5 ಕೆ.ಜಿ. ಇದ್ದರೆ ಏನು ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಸೆಟ್ಟಿಂಗ್ಸ್ ಬಗ್ಗೆ: ಗಂಗಾವತಿಯ ಮಿಲ್ಲಿಗೂ ಸಿಂಧನೂರಿನ ಮಿಲ್ಲಿಗೂ ರೂಢಿ ಬೇರೆಯಿದ್ದರೆ ಅದು ನಿಜವಾದ ವ್ಯತ್ಯಾಸ, ಅದಕ್ಕೆ ಸೆಟ್ಟಿಂಗ್ ಇರಬೇಕು. ಒಂದೇ ಮಿಲ್ಲಿನ ತಂದೆ ಮಗನ ಭಿನ್ನಾಭಿಪ್ರಾಯ ಅಂತಹದ್ದಲ್ಲ, ಅಲ್ಲಿ ತೀರ್ಮಾನ ಬಾಕಿಯಿದೆ ಅಷ್ಟೇ. ತೀರ್ಮಾನವಾಗದ್ದನ್ನೆಲ್ಲ ಸೆಟ್ಟಿಂಗ್ ಮಾಡುತ್ತಾ ಹೋದರೆ, ಮೂರು ಆಯ್ಕೆಗಳಿರುವ ಮೂರು ಸೆಟ್ಟಿಂಗ್‌ಗಳಿಗೇ 27 ಸಂಯೋಜನೆಗಳಾಗುತ್ತವೆ, ಅಷ್ಟನ್ನೂ ಪರೀಕ್ಷಿಸಬೇಕಾದವರು ನನ್ನಂಥವರು.

ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿಯಾಗಿರಬೇಕು, ಸಮಿತಿಯಾಗಿರಬಾರದು ಎಂದು 2020ರ ಸ್ಕ್ರಮ್ ಗೈಡ್ (ಸ್ಕ್ರಮ್ ಎಂಬ ಅಜೈಲ್ ಚೌಕಟ್ಟಿನ ಕೈಪಿಡಿ) ಸ್ಪಷ್ಟವಾಗಿ ಹೇಳುತ್ತದೆ. ಆ ವ್ಯಕ್ತಿಯ ನಿರ್ಧಾರಗಳನ್ನು ಇಡೀ ಸಂಸ್ಥೆ ಗೌರವಿಸಿದರೆ ಮಾತ್ರ ಆ ಪಾತ್ರ ನಡೆಯುತ್ತದೆ ಎಂದೂ ಅದರಲ್ಲಿದೆ. ನಿಮ್ಮ ತಂಡದವರು ಆ ಪಾತ್ರದಲ್ಲಿರುವುದು ತಪ್ಪಲ್ಲ, ಆದರೆ ಮಿಲ್ಲಿನ ಹಣದ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರವನ್ನು ಮಿಲ್ಲಿನವರು ಅವರಿಗೆ ಕೊಟ್ಟಿಲ್ಲ. ಆದ್ದರಿಂದ ದರ ಮತ್ತು ಕಡಿತದ ಪ್ರಶ್ನೆಗಳಿಗೆ ಕೊನೆಯ ಮಾತು ಯಾರದು ಎಂದು ಸಾಹುಕಾರರನ್ನೇ ಕೇಳಿ ಒಂದು ಹೆಸರು ಪಡೆಯಿರಿ. ಕೆಂಪು ಕಾರ್ಡಿನ ಮೇಲೆ ಆ ಹೆಸರನ್ನೂ, ಉತ್ತರ ಬರಬೇಕಾದ ದಿನವನ್ನೂ ಬರೆಯಿರಿ. ಉತ್ತರ ಬರುವವರೆಗೆ ಆ ಸ್ಟೋರಿ ಸ್ಪ್ರಿಂಟಿನೊಳಗೆ ಬರುವುದು ಬೇಡ, ಕಾಟಾ ಚೀಟಿಯ ಮುದ್ರಣದಂತಹ ಬೇರೆ ಕೆಲಸವನ್ನು ಎತ್ತಿಕೊಳ್ಳಿ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ನಿಮ್ಮ ತಂಡ ಕೇಳಬಹುದು. ಬ್ಯಾಕ್‌ಲಾಗ್ ಪರಿಷ್ಕರಣೆಗೆ (ಸ್ಟೋರಿಗಳನ್ನು ಒಡೆದು ಸ್ಪಷ್ಟಪಡಿಸುವ ಕೆಲಸಕ್ಕೆ) ತಂಡದ ಸಾಮರ್ಥ್ಯದ ಶೇ 10ರಷ್ಟು ಮೀರದಂತೆ ಸಮಯ ಹೋಗುವುದು ಸಾಮಾನ್ಯ ಎಂದು 2017ರ ಸ್ಕ್ರಮ್ ಗೈಡ್‌ನಲ್ಲಿ ಇತ್ತು, 2020ರಲ್ಲಿ ಆ ಅಂಕಿಯನ್ನು ತೆಗೆದರು. ಹತ್ತು ಕೆಲಸದ ದಿನಗಳ ಸ್ಪ್ರಿಂಟಿನಲ್ಲಿ ಅದು ತಲಾ ಒಂದು ದಿನವಾಗುತ್ತದೆ. ಈಗ ತಿದ್ದುಪಡಿಗೆ ನೀವು ಕೊಡುತ್ತಿರುವ ದಿನಗಳು ಅದಕ್ಕಿಂತ ಬಹಳ ಹೆಚ್ಚು.

ಉತ್ತರ: ಕಿರ್ದಿ ಖಾತೆ, ಗಂಗಾವತಿ

ತಂದೆ ಮಗನ ವಿಷಯದಲ್ಲಿ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ಎರಡೂ ಲೆಕ್ಕದ ಬಿಲ್ಲುಗಳನ್ನು ಹಳೆಯ ಒಂದೇ ಚೀಟಿಯ ಮೇಲೆ ತೆಗೆದು ಗುಮಾಸ್ತರ ಕೈಗೆ ಕೊಟ್ಟರೆ, ಅವರು ಸಮಯ ನೋಡಿ ಸಾಹುಕಾರರ ಮುಂದೆ ಇಟ್ಟು ಒಂದು ಮಾತು ಪಡೆದು ಬರುತ್ತಾರೆ.

ನಿಮ್ಮ ಕೆಂಪು ಕಾರ್ಡುಗಳಿಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ತುಂಬಿದ ತೂಕ ಆದ ಮೇಲೆ ತೇವಾಂಶ ಹೆಚ್ಚೆಂದು ಲೋಡನ್ನು ವಾಪಸ್ ಕಳಿಸುವುದುಂಟು. ಆಗ ಎರಡನೆಯ ತೂಕವೇ ಇರುವುದಿಲ್ಲ, ಆದರೆ ಚೀಟಿಯ ಸಂಖ್ಯೆ ಬಿದ್ದಿರುತ್ತದೆ. ಆ ಸಂಖ್ಯೆಯನ್ನು ಅಳಿಸಿ ಮುಂದಿನ ಲೋಡಿಗೆ ಕೊಟ್ಟರೆ ವರ್ಷದ ಕೊನೆಗೆ ನಮ್ಮ ಪುಸ್ತಕ ತಾಳೆಯಾಗುವುದಿಲ್ಲ, ಹಾಗೆಯೇ ಬಿಟ್ಟರೆ ಬಾಕಿ ಇರುವ ಲೋಡುಗಳ ಪಟ್ಟಿಯಲ್ಲಿ ಅದು ದಿನವೂ ಬರುತ್ತಿರುತ್ತದೆ. ನಾವು ಕೈಬರಹದ ಪುಸ್ತಕದಲ್ಲಿ ಅಡ್ಡಗೆರೆ ಎಳೆದು “ವಾಪಸ್” ಎಂದು ಬರೆದು ಸಹಿ ಮಾಡುತ್ತೇವೆ. ಅದೇ ವಾಹನ ಎರಡು ದಿನ ಒಣಗಿಸಿದ ಭತ್ತ ತುಂಬಿಕೊಂಡು ಮತ್ತೆ ಬಂದಾಗ ಹಳೆಯ ಚೀಟಿಯ ಸಂಖ್ಯೆಯನ್ನು ಹೊಸದರ ಪಕ್ಕದಲ್ಲಿ ಬರೆಯುತ್ತೇವೆ. ನಿಮ್ಮ ತಂತ್ರಾಂಶದಲ್ಲಿ ಇದಕ್ಕೆ ಏನು ವ್ಯವಸ್ಥೆ?